ಪ್ಲಾಸ್ಮಾದಲ್ಲಿ ಪ್ರೋಟೀನ್ ಅಳೆಯಬೇಕು, ಅದೂ ಬೇಗ: ಯಾವ ಮಾಸ್ ಸ್ಪೆಕ್ ವಿಧಾನ ಆರಿಸಿಕೊಳ್ಳೋಣ?

"ಮೇಡಂ, 300 ಪ್ಲಾಸ್ಮಾ ಸ್ಯಾಂಪಲ್ ಇದೆ. ನಾಲ್ಕು ಪ್ರೋಟೀನ್ ಅಳೆಯಬೇಕು. ಮಾಸ್ ಸ್ಪೆಕ್‌ನಲ್ಲಿ ಒಂದು ವಾರಕ್ಕೆ ಆಗುತ್ತಾ?"

ಥರ್ಮಾಕೋಲ್ ಡಬ್ಬಿಯಲ್ಲಿ ಡ್ರೈ ಐಸ್ ತುಂಬಿಕೊಂಡು ಬಂದಿದ್ದ ಆ ಪಿಎಚ್‌ಡಿ ಹುಡುಗಿಗೆ ನಾನು ತಕ್ಷಣ ಹೂಂ ಅನ್ನಲಿಲ್ಲ. ಮಾಸ್ ಸ್ಪೆಕ್ ಅಂದರೆ ಮಾಸ್ ಸ್ಪೆಕ್ಟ್ರೋಮೀಟರ್, ಅಣುಗಳನ್ನು ತೂಗಿ ಗುರುತಿಸುವ ಯಂತ್ರ. ಯಾವ ನಾಲ್ಕು ಅಂತ ಕೇಳಿದೆ. ಅಪೋ ಎ-1, ಅಪೋ ಬಿ, ಅಪೋ ಇ, ಐಎಲ್-6 ಅಂದಳು. ಅಪೋಗಳು ರಕ್ತದಲ್ಲಿ ಕೊಬ್ಬು ಸಾಗಿಸುವ ಪ್ರೋಟೀನ್‌ಗಳು, ಐಎಲ್-6 ಉರಿಯೂತದ ಸಂದೇಶ ಸಾಗಿಸುವಂಥದ್ದು. ಮೊದಲ ಮೂರನ್ನು ಒಂದೇ ರನ್‌ನಲ್ಲಿ ಅಳೆಯಬಹುದು. ನಾಲ್ಕನೆಯದು ಅವುಗಳ ಪಕ್ಕದಲ್ಲಿ ಕೂರುವಂಥದ್ದೇ ಅಲ್ಲ. ಯಾಕೆ ಅನ್ನೋದು ಗೊತ್ತಾದರೆ ವಿಧಾನ ಆರಿಸುವ ಕೆಲಸ ಮುಕ್ಕಾಲು ಮುಗಿದ ಹಾಗೆ.

ರಕ್ತದ ಪ್ಲಾಸ್ಮಾದಲ್ಲಿ ಅತಿ ಜಾಸ್ತಿ ಇರುವ ಪ್ರೋಟೀನ್ ಆಲ್ಬುಮಿನ್. ಒಂದು ಮಿಲಿಲೀಟರಿನಲ್ಲಿ ಸುಮಾರು 40 ಮಿಲಿಗ್ರಾಂ. ಆರೋಗ್ಯವಂತರ ಪ್ಲಾಸ್ಮಾದಲ್ಲಿ ಐಎಲ್-6 ಇರುವುದು ಮಿಲಿಲೀಟರಿಗೆ ಬರೀ ಕೆಲವು ಪಿಕೋಗ್ರಾಂ. ಎರಡರ ನಡುವಿನ ಅಂತರ ಸುಮಾರು ಸಾವಿರ ಕೋಟಿ ಪಟ್ಟು. ರಾಗಿ ಮೂಟೆಯಲ್ಲಿ ಬಿದ್ದ ಸಾಸಿವೆ ಕಾಳು ಹುಡುಕುವುದೂ ಇದಕ್ಕಿಂತ ಸುಲಭ. ಅಪೋ ಎ-1 ಮಿಲಿಗ್ರಾಂ ಲೆಕ್ಕದಲ್ಲಿದೆ, ಅಪೋ ಇ ಹತ್ತಾರು ಮೈಕ್ರೋಗ್ರಾಂ ಲೆಕ್ಕದಲ್ಲಿದೆ. ಮಾಸ್ ಸ್ಪೆಕ್ ಯಂತ್ರಕ್ಕೆ ಇವು ಕಣ್ಣೆದುರಿಗೇ ಕಾಣುತ್ತವೆ. ಐಎಲ್-6 ಹಾಗೆ ನೇರವಾಗಿ ಕಾಣುವುದಿಲ್ಲ.

ಹಾಗಾಗಿ ಯಾರೇ ಬಂದು "ಯಾವ ಯಂತ್ರ ಒಳ್ಳೆಯದು" ಅಂತ ಕೇಳಿದರೂ ನಾನು ಮೊದಲು ಮೂರು ವಿಷಯ ಕೇಳುತ್ತೇನೆ. ನಿಮ್ಮ ಪ್ರೋಟೀನ್ ಸ್ಯಾಂಪಲ್‌ನಲ್ಲಿ ಎಷ್ಟಿದೆ? ಎಷ್ಟು ಪ್ರೋಟೀನ್ ಅಳೆಯಬೇಕು? ಎಷ್ಟು ಸ್ಯಾಂಪಲ್ ಇದೆ? ಉತ್ತರ ಗೊತ್ತಿಲ್ಲದಿದ್ದರೆ ಯಂತ್ರದ ಮಾತು ಆಮೇಲೆ.

ಎಲೈಸಾದಲ್ಲೇ ಆಗುವುದಾದರೆ

ಮಾಸ್ ಸ್ಪೆಕ್ ಕೆಲಸವನ್ನೇ ದಿನವೂ ಮಾಡುವ ನಾನು ಇದನ್ನು ಮನಸಾರೆ ಹೇಳುತ್ತೇನೆ: ಒಂದೇ ಪ್ರೋಟೀನ್ ಅಳೆಯಬೇಕು, ಅದಕ್ಕೆ ಚೆನ್ನಾಗಿ ಪರೀಕ್ಷೆಯಾದ ಎಲೈಸಾ (ಆಂಟಿಬಾಡಿಯಿಂದ ಪ್ರೋಟೀನ್ ಹಿಡಿದು ಅಳೆಯುವ ಪರೀಕ್ಷೆ) ಕಿಟ್ ಇದೆ, ಸ್ಯಾಂಪಲ್‌ನಲ್ಲಿ ಅಡ್ಡ ಬರುವಂಥದ್ದು ಏನೂ ಇಲ್ಲ ಅಂದರೆ ಎಲೈಸಾ ಮಾಡಿ. 96 ಗುಳಿಯ ಪ್ಲೇಟಿನಲ್ಲಿ ಸ್ಟ್ಯಾಂಡರ್ಡ್‌ಗಳಿಗೆ, ಅಂದರೆ ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣಗಳಿಗೆ, 16 ಗುಳಿ ಬಿಟ್ಟರೆ, ಎರಡೆರಡು ಸಲ ಹಾಕಿದರೂ 40 ಸ್ಯಾಂಪಲ್ ಕೂರುತ್ತವೆ. ನಾಲ್ಕೈದು ಗಂಟೆಯಲ್ಲಿ ಮುಗಿಯುತ್ತದೆ. ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಡ.

ಎಲೈಸಾ ಎಡವುವುದು ಬೇರೆ ಕಡೆ. ಅದು ಪ್ರೋಟೀನನ್ನು ನೇರವಾಗಿ ನೋಡುವುದಿಲ್ಲ. ಆಂಟಿಬಾಡಿ ಏನನ್ನು ಹಿಡಿಯಿತೋ ಅದನ್ನು ಎಣಿಸುತ್ತದೆ. ಆಂಟಿಬಾಡಿಗೆ ಮೋಸವಾದರೆ ನಿಮಗೂ ಮೋಸ.

ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ಉದಾಹರಣೆ ಥೈರೋಗ್ಲೋಬುಲಿನ್. ಥೈರಾಯ್ಡ್ ಕ್ಯಾನ್ಸರ್ ಬಂದವರಿಗೆ ಗ್ರಂಥಿಯನ್ನೇ ತೆಗೆದುಹಾಕುತ್ತಾರೆ. ಈ ಪ್ರೋಟೀನ್ ತಯಾರಾಗುವುದು ಥೈರಾಯ್ಡ್ ಕೋಶಗಳಲ್ಲಿ ಮಾತ್ರ. ಆದ್ದರಿಂದ ಆಪರೇಷನ್ ಆದಮೇಲೆ ರಕ್ತದಲ್ಲಿ ಅದು ಹೆಚ್ಚುಕಡಿಮೆ ಸೊನ್ನೆಗೆ ಇಳಿಯಬೇಕು. ಮತ್ತೆ ಏರಿದರೆ ಕಾಯಿಲೆ ಮರಳಿರಬಹುದು. ತೊಂದರೆ ಏನೆಂದರೆ, ಈ ರೋಗಿಗಳಲ್ಲಿ ಸುಮಾರು ಕಾಲುಭಾಗದಷ್ಟು ಜನರ ದೇಹ ತನ್ನದೇ ಥೈರೋಗ್ಲೋಬುಲಿನ್ ವಿರುದ್ಧ ಆಂಟಿಬಾಡಿ ತಯಾರಿಸಿಕೊಂಡಿರುತ್ತದೆ. ಅದು ಪ್ರೋಟೀನನ್ನು ಮುಚ್ಚಿಕೊಂಡು ಕೂರುತ್ತದೆ. ಕಿಟ್‌ನ ಆಂಟಿಬಾಡಿಗೆ ಹಿಡಿಯಲು ಜಾಗವೇ ಸಿಗುವುದಿಲ್ಲ. ರಿಪೋರ್ಟಿನಲ್ಲಿ ಸೊನ್ನೆ ಬರುತ್ತದೆ. ರೋಗಿ ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಾರೆ, ಒಳಗೆ ಗಡ್ಡೆ ಬೆಳೆಯುತ್ತಾ ಇರಬಹುದು.

ಬಯೋಟಿನ್ ಮಾತ್ರೆ ಇನ್ನೊಂದು ಕಾಟ. ಕೂದಲಿಗೆ, ಉಗುರಿಗೆ ಅಂತ ತುಂಬಾ ಜನ ನುಂಗುತ್ತಾರೆ. ಬಯೋಟಿನ್-ಸ್ಟ್ರೆಪ್ಟಾವಿಡಿನ್ ಜೋಡಿ ಬಳಸುವ ಪರೀಕ್ಷೆಗಳು ಇದರಿಂದ ಏರುಪೇರಾಗುತ್ತವೆ. ಅಮೆರಿಕದ ಎಫ್‌ಡಿಎ 2017ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು.

ಇಂಥ ಕಡೆ ಮಾಸ್ ಸ್ಪೆಕ್ ಕೆಲಸಕ್ಕೆ ಬರುತ್ತದೆ. ಯಾಕೆಂದರೆ ಅಲ್ಲಿ ಮೊದಲು ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಎಲ್ಲ ಪ್ರೋಟೀನನ್ನೂ ತುಂಡು ಮಾಡುತ್ತೇವೆ. ಅಡ್ಡ ಕೂತಿದ್ದ ಆಂಟಿಬಾಡಿಯೂ ಪ್ರೋಟೀನೇ, ಅದೂ ತುಂಡಾಗುತ್ತದೆ. ಹೀಗೆ ಸಿಗುವ ಚಿಕ್ಕ ತುಂಡುಗಳೇ ಪೆಪ್ಟೈಡ್‌ಗಳು. ಅವುಗಳಲ್ಲಿ ನಮಗೆ ಬೇಕಾದ್ದನ್ನು ತೂಕದಿಂದ ಗುರುತಿಸುತ್ತೇವೆ.

ಎಂಆರ್‌ಎಂ: ಹಳೆಯದು, ಆದರೆ ಇವತ್ತಿಗೂ ಮೊದಲ ಆಯ್ಕೆ

ಟ್ರಿಪಲ್ ಕ್ವಾಡ್ರುಪೋಲ್ ಯಂತ್ರವನ್ನು ಅಮೆರಿಕದ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಯೋಸ್ಟ್ ಮತ್ತು ಎಂಕೆ 1978ರಲ್ಲಿ ತೋರಿಸಿದರು. ಅದರ ಮೇಲೆ ನಡೆಯುವ ಮಲ್ಟಿಪಲ್ ರಿಯಾಕ್ಷನ್ ಮಾನಿಟರಿಂಗ್, ಅಂದರೆ ಎಂಆರ್‌ಎಂ, ನಿರ್ದಿಷ್ಟ ಪ್ರೋಟೀನ್ ಅಳೆಯಲು ಇವತ್ತಿಗೂ ಅತಿ ಹೆಚ್ಚು ಬಳಕೆಯಲ್ಲಿರುವ ದಾರಿಗಳಲ್ಲಿ ಒಂದು.

ಥೈರೋಗ್ಲೋಬುಲಿನ್‌ನದೇ ಒಂದು ಪೆಪ್ಟೈಡ್ ತಗೊಂಡು ಹತ್ತಿರದಿಂದ ನೋಡೋಣ. 12 ಅಮೈನೋ ಆಮ್ಲಗಳ ತುಂಡು ಅದು. ಒಂದಕ್ಷರದ ಸಂಕೇತದಲ್ಲಿ ವಿ-ಐ-ಎಫ್-ಡಿ-ಎ-ಎನ್-ಎ-ಪಿ-ವಿ-ಎ-ವಿ-ಆರ್. ಯಂತ್ರ ನೋಡುವುದು ತೂಕವನ್ನು ಚಾರ್ಜ್‌ನಿಂದ ಭಾಗಿಸಿದ ಸಂಖ್ಯೆಯನ್ನು. ಎರಡು ಪ್ರೋಟಾನ್ ಹೊತ್ತಾಗ ಅದು ಯಂತ್ರದಲ್ಲಿ 636.4ರಲ್ಲಿ ಕಾಣುತ್ತದೆ. ಮೊದಲ ಕ್ವಾಡ್ರುಪೋಲ್ ಒಂದು ಜರಡಿಯ ಹಾಗೆ 636.4 ಇರುವುದನ್ನು ಮಾತ್ರ ಒಳಗೆ ಬಿಡುತ್ತದೆ. ನಡುವಿನ ಕೋಣೆಯಲ್ಲಿ ಗ್ಯಾಸಿಗೆ ಬಡಿದು ಪೆಪ್ಟೈಡ್ ಒಡೆಯುತ್ತದೆ. ಪಿ ಅಂದರೆ ಪ್ರೋಲಿನ್ ಇರುವ ಜಾಗದ ಮುಂಚೆ ಸುಲಭವಾಗಿ ಮುರಿಯುತ್ತದೆ, ಆಗ 541.3 ತೂಕದ ತುಂಡು ಹೊರಬರುತ್ತದೆ. 912.5ರದ್ದು ಇನ್ನೊಂದು. ಮೂರನೆಯ ಕ್ವಾಡ್ರುಪೋಲ್ ಎರಡನೇ ಜರಡಿ. ಈ ಎರಡು ತೂಕಗಳನ್ನು ಸರದಿಯಂತೆ ಬಿಡುತ್ತದೆ, ಬೇರೆಯದನ್ನು ತಡೆಯುತ್ತದೆ. ಹೀಗೆ ಒಂದು ತಾಯಿ ತೂಕ, ಒಂದು ಮಗು ತೂಕ ಸೇರಿದ ಜೋಡಿಗೆ ಟ್ರಾನ್ಸಿಷನ್ ಅನ್ನುತ್ತೇವೆ.

ಅಳತೆ ನಿಖರವಾಗಲು ಇದಕ್ಕೊಂದು ಅವಳಿ ಬೇಕು. ಅದೇ ಪೆಪ್ಟೈಡ್, ಕೊನೆಯ ಆರ್ಜಿನಿನ್‌ನಲ್ಲಿ ಮಾತ್ರ ಭಾರದ ಇಂಗಾಲ, ಭಾರದ ಸಾರಜನಕ. ತೂಕ 10 ಡಾಲ್ಟನ್ (ಅಣುತೂಕದ ಅಳತೆ) ಜಾಸ್ತಿ. ಎರಡು ಚಾರ್ಜ್ ಇರುವುದರಿಂದ ಅದು 641.4ರಲ್ಲಿ ಕಾಣುತ್ತದೆ. ಗೊತ್ತಿರುವ ಪ್ರಮಾಣದಲ್ಲಿ ಇದನ್ನು ಪ್ರತಿ ಸ್ಯಾಂಪಲ್‌ಗೂ ಬೆರೆಸುತ್ತೇವೆ. ಕಂಪ್ಯೂಟರ್ ಪರದೆಯಲ್ಲಿ ನಿಜವಾದ ಪೆಪ್ಟೈಡಿನ ಕೆಂಪು ಪೀಕ್, ಅವಳಿಯ ನೀಲಿ ಪೀಕ್ ಎರಡೂ ಒಂದೇ ನಿಮಿಷ, ಒಂದೇ ಸೆಕೆಂಡಿನಲ್ಲಿ ಒಂದರ ಮೇಲೊಂದು ಎದ್ದು ನಿಂತಾಗ ಮನಸ್ಸಿಗೆ ಆಗುವ ಸಮಾಧಾನ ಇದೆಯಲ್ಲಾ, ಅದು ಎಷ್ಟು ವರ್ಷವಾದರೂ ಹಳೆಯದಾಗಿಲ್ಲ. ಎರಡರ ಅನುಪಾತ ತೆಗೆದರೆ ಪ್ರಮಾಣ ಸಿಗುತ್ತದೆ. ಕೆಂಪು ಒಂದು ಕಡೆ, ನೀಲಿ ಒಂದು ಕಡೆ ಇದ್ದರೆ ನೀವು ನೋಡುತ್ತಿರುವುದು ಬೇರೆ ಯಾವುದೋ ಪೆಪ್ಟೈಡ್. ಪೀಕ್ ಎಷ್ಟೇ ದೊಡ್ಡದಿರಲಿ, ಬಿಟ್ಟುಬಿಡಿ.

ಎಂಆರ್‌ಎಂನ ಬಲ ವೇಗ ಮತ್ತು ಸ್ಥಿರತೆ. ಸಾವಿರ ಸ್ಯಾಂಪಲ್ ಹಾಕಿದರೂ ಯಂತ್ರ ಬಹುಪಾಲು ಒಂದೇ ಹದದಲ್ಲಿ ನಡೆಯುತ್ತದೆ. ತೂಕವನ್ನು ಇನ್ನೂ ಸೂಕ್ಷ್ಮವಾಗಿ ನೋಡುವ ಆರ್ಬಿಟ್ರ್ಯಾಪ್ ಎಂಬ ಯಂತ್ರಕ್ಕಿಂತ ಬೆಲೆಯೂ ಕಡಿಮೆ. ಆಸ್ಪತ್ರೆಯ ಲ್ಯಾಬ್‌ಗಳಲ್ಲಿ ಹಾರ್ಮೋನ್, ಔಷಧಿ ಅಳೆಯಲು ಈ ಯಂತ್ರ ಈಗಾಗಲೇ ಇರುತ್ತದೆ.

ಕೊರತೆಯೂ ಇದೆ. ಜರಡಿಯ ಕಣ್ಣು ಸ್ವಲ್ಪ ದೊಡ್ಡದು, ಸುಮಾರು 0.7 ಡಾಲ್ಟನ್. ತೂಕದಲ್ಲಿ ಹತ್ತಿರ ಇರುವ ಬೇರೆ ಪೆಪ್ಟೈಡ್ ನುಸುಳಬಹುದು. ಅದಕ್ಕೇ ಒಂದು ಪೆಪ್ಟೈಡಿಗೆ ಕನಿಷ್ಠ ಮೂರು ಟ್ರಾನ್ಸಿಷನ್ ಇಟ್ಟುಕೊಂಡು, ಅವುಗಳ ನಡುವಿನ ಅನುಪಾತ ಅವಳಿಯದರ ಹಾಗೇ ಇದೆಯಾ ಅಂತ ನೋಡಬೇಕು. ವಿಧಾನ ಕಟ್ಟಲು ಶುರುವಿನಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಆಲ್ಬುಮಿನ್ ತೆಗೆಯದೆ ನೇರ ಪ್ಲಾಸ್ಮಾ ಹಾಕಿದರೆ ಸಾಮಾನ್ಯವಾಗಿ ಮಿಲಿಲೀಟರಿಗೆ ಒಂದು ಮೈಕ್ರೋಗ್ರಾಂ ಆಸುಪಾಸಿನವರೆಗೆ ಧೈರ್ಯವಾಗಿ ಅಳೆಯಬಹುದು. ಪೆಪ್ಟೈಡ್ ಚೆನ್ನಾಗಿದ್ದರೆ ಇನ್ನೂ ಸ್ವಲ್ಪ ಕೆಳಗೆ. ಅದಕ್ಕಿಂತ ಕಡಿಮೆ ಇದ್ದರೆ ಬೇರೆ ಸಹಾಯ ಬೇಕು.

ಪಿಆರ್‌ಎಂ: ವಿಧಾನ ಕಟ್ಟುವುದು ಬೇಗ

2012ರಲ್ಲಿ ಪ್ಯಾರಲಲ್ ರಿಯಾಕ್ಷನ್ ಮಾನಿಟರಿಂಗ್ ಹೆಸರು ಕೇಳಿಬಂತು. ಇಲ್ಲಿ ಮೂರನೆಯ ಕ್ವಾಡ್ರುಪೋಲ್‌ನ ಬದಲು ಆರ್ಬಿಟ್ರ್ಯಾಪ್ ಇರುತ್ತದೆ. ಒಡೆದ ತುಂಡುಗಳನ್ನೆಲ್ಲ ಒಟ್ಟಿಗೆ, ಬಹಳ ಸೂಕ್ಷ್ಮವಾಗಿ ತೂಗುತ್ತದೆ. ಯಾವ ತುಂಡು ನೋಡಬೇಕು ಅಂತ ಮೊದಲೇ ತೀರ್ಮಾನಿಸಬೇಕಾಗಿಲ್ಲ. ರನ್ ಮುಗಿದ ಮೇಲೆ ಕೂತು ಆರಿಸಬಹುದು. ಒಂದು ತುಂಡಿನಲ್ಲಿ ಅಡಚಣೆ ಕಂಡರೆ ಅದನ್ನು ಬಿಟ್ಟು ಬೇರೆಯದನ್ನು ತಗೊಳ್ಳಬಹುದು, ಸ್ಯಾಂಪಲ್ ಮತ್ತೆ ಓಡಿಸಬೇಕಾಗಿಲ್ಲ. ಹೊಸ ಪ್ರೋಟೀನಿಗೆ ಮೊದಲ ಸಲ ಕೈ ಹಾಕುವವರಿಗೆ ಇದು ದೊಡ್ಡ ಅನುಕೂಲ.

ಆದರೆ ರನ್ ಚಿಕ್ಕದು ಮಾಡಹೊರಟಾಗ ಪಿಆರ್‌ಎಂ ಇಕ್ಕಟ್ಟಿಗೆ ಸಿಗುತ್ತದೆ. ಲೆಕ್ಕ ಹಾಕಿ ನೋಡಿ. ಪೀಕ್ ಅಗಲ 4 ಸೆಕೆಂಡ್ ಅಂತಿಟ್ಟುಕೊಳ್ಳಿ. ಅದರ ಮೇಲೆ ಹತ್ತು ಬಿಂದುವಾದರೂ ಬಿದ್ದರೆ ಅಳತೆ ಸರಿಯಾಗಿ ಬರುತ್ತದೆ. ಅಂದರೆ ಒಂದು ಸುತ್ತಿಗೆ 0.4 ಸೆಕೆಂಡ್. ಆರ್ಬಿಟ್ರ್ಯಾಪ್ ಒಂದು ಸ್ಕ್ಯಾನಿಗೆ 64 ಮಿಲಿಸೆಕೆಂಡ್ ತಗೊಂಡರೆ ಆರು ಸ್ಕ್ಯಾನ್ ಆಗುತ್ತದೆ. ಪೆಪ್ಟೈಡಿಗೊಂದು, ಅವಳಿಗೊಂದು ಅಂದರೆ ಒಂದೇ ಹೊತ್ತಿನಲ್ಲಿ ಮೂರು ಪೆಪ್ಟೈಡ್ ಅಷ್ಟೇ. ಟ್ರಿಪಲ್ ಕ್ವಾಡ್ ಅದೇ 0.4 ಸೆಕೆಂಡಿನಲ್ಲಿ 5 ಮಿಲಿಸೆಕೆಂಡಿನಂತೆ 80 ಟ್ರಾನ್ಸಿಷನ್ ನೋಡುತ್ತದೆ, ನಡುವಿನ ಚಿಕ್ಕ ವಿರಾಮ ಲೆಕ್ಕಕ್ಕೆ ತಗೊಳ್ಳದಿದ್ದರೆ. ಪೆಪ್ಟೈಡಿಗೂ ಅವಳಿಗೂ ಮೂರು ಮೂರು ಅಂದರೂ 13 ಪೆಪ್ಟೈಡ್. ಪಿಆರ್‌ಎಂನಲ್ಲಿ ಪೆಪ್ಟೈಡ್ ಮತ್ತು ಅವಳಿಯನ್ನು ಒಂದೇ ಸ್ಕ್ಯಾನಿನಲ್ಲಿ ಹಿಡಿಯುವ ಉಪಾಯ ಇದೆ. ಅವಳಿ ಕಂಡಾಗ ಮಾತ್ರ ನಿಜವಾದ ಪೆಪ್ಟೈಡಿನ ಮೇಲೆ ಹೊತ್ತು ಖರ್ಚು ಮಾಡುವ ವಿಧಾನವೂ ಇದೆ. ಆದರೂ ಕೆಲವೇ ನಿಮಿಷದ ರನ್, ಹತ್ತಾರು ಪೆಪ್ಟೈಡ್ ಅಂದಾಗ ನಾನು ಟ್ರಿಪಲ್ ಕ್ವಾಡ್ ಕಡೆಗೇ ಹೋಗುತ್ತೇನೆ.

ಹಾಗಾಗಿ ನಾನು ಕೊಡುವ ಸಲಹೆ ಇದು. ಐವತ್ತು-ಅರವತ್ತು ಸ್ಯಾಂಪಲ್, ಒಂದೇ ಸಲದ ಸಂಶೋಧನೆ, ಕೈಗೆಟಕುವಲ್ಲಿ ಆರ್ಬಿಟ್ರ್ಯಾಪ್ ಇದೆ ಅಂದರೆ ಪಿಆರ್‌ಎಂ ಮಾಡಿ. ತಿಂಗಳು ತಿಂಗಳೂ ನೂರಾರು ಸ್ಯಾಂಪಲ್ ಬರುತ್ತವೆ ಅಂದರೆ ಎಂಆರ್‌ಎಂಗೆ ಶ್ರಮ ಹಾಕಿ. ಎಷ್ಟೋ ಲ್ಯಾಬ್‌ಗಳಲ್ಲಿ ಪಿಆರ್‌ಎಂನಲ್ಲಿ ಒಳ್ಳೆಯ ಪೆಪ್ಟೈಡ್ ಯಾವುದು ಅಂತ ಕಂಡುಕೊಂಡು, ಆಮೇಲೆ ಅದನ್ನೇ ಟ್ರಿಪಲ್ ಕ್ವಾಡ್‌ಗೆ ಸಾಗಿಸುತ್ತಾರೆ. ಅದು ಜಾಣತನ.

ಡಿಐಎ: ಇನ್ನೂ ತೀರ್ಮಾನ ಆಗಿಲ್ಲ ಅಂದಾಗ

ಯಾವ ಪ್ರೋಟೀನ್ ಮುಖ್ಯ ಅಂತಲೇ ಗೊತ್ತಿಲ್ಲ ಅಂದರೆ ಮೇಲಿನ ಎರಡೂ ಬೇಡ. 2012ರಲ್ಲೇ ಜ್ಯೂರಿಕ್‌ನ ಎಬರ್ಸೋಲ್ಡ್ ಗುಂಪು ಸ್ವಾತ್ ಎಂಬ ವಿಧಾನ ಪ್ರಕಟಿಸಿತು. ತೂಕದ ಹರವನ್ನು 25 ಡಾಲ್ಟನ್ ಅಗಲದ 32 ಕಿಟಕಿಗಳಾಗಿ ಹಂಚಿ, ಪ್ರತಿ ಕಿಟಕಿಯಲ್ಲಿ ಬಂದದ್ದನ್ನೆಲ್ಲ ಒಡೆದು ದಾಖಲಿಸಿಕೊಳ್ಳುವುದು. ಇಂಥವಕ್ಕೆ ಒಟ್ಟಾಗಿ ಡೇಟಾ ಇಂಡಿಪೆಂಡೆಂಟ್ ಅಕ್ವಿಸಿಷನ್, ಅಂದರೆ ಡಿಐಎ, ಅನ್ನುತ್ತಾರೆ. ಡಿಐಎ-ಎನ್‌ಎನ್‌ನಂಥ ಸಾಫ್ಟ್‌ವೇರ್ ಬಂದಮೇಲೆ ಮತ್ತು 2023ರಲ್ಲಿ ಆರ್ಬಿಟ್ರ್ಯಾಪ್ ಆಸ್ಟ್ರಲ್‌ನಂಥ ಯಂತ್ರ ಬಂದಮೇಲೆ ಇದರ ವೇಗ ತುಂಬಾ ಹೆಚ್ಚಿದೆ. ಒಂದೇ ರನ್‌ನಲ್ಲಿ ಸಾವಿರಾರು ಪ್ರೋಟೀನ್ ಕಾಣುತ್ತವೆ. ದಾಖಲೆ ಹಾಗೇ ಉಳಿಯುವುದರಿಂದ ಎರಡು ವರ್ಷದ ನಂತರವೂ ಹೊಸ ಪ್ರೋಟೀನ್ ಹುಡುಕಬಹುದು.

ಆದರೆ ಸಾಮಾನ್ಯವಾಗಿ ಸಿಗುವುದು ಹೋಲಿಕೆಯ ಲೆಕ್ಕ. ಇವರಿಗಿಂತ ಅವರಲ್ಲಿ ಎರಡು ಪಟ್ಟು ಅನ್ನಬಹುದು. ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಅನ್ನಲು ಇಲ್ಲಿಯೂ ಅವಳಿ ಪೆಪ್ಟೈಡ್ ಬೆರೆಸಲೇಬೇಕು. ತೀರಾ ಕಡಿಮೆ ಇರುವ ಪ್ರೋಟೀನಿನಲ್ಲಿ ಎಂಆರ್‌ಎಂ, ಪಿಆರ್‌ಎಂಗಳಷ್ಟು ಸ್ಪಷ್ಟತೆ ಬರುವುದು ಕಷ್ಟ. ನಾಲ್ಕೇ ಪ್ರೋಟೀನ್ ಬೇಕಾದವರು ಸುಮ್ನೆ ಡಿಐಎ ಮಾಡಿಸಿಕೊಂಡು, ಸಾವಿರ ಸಾಲಿನ ಎಕ್ಸೆಲ್ ಶೀಟ್ ಇಟ್ಟುಕೊಂಡು ಏನು ಮಾಡುವುದು ಅಂತ ಕೂರುವುದನ್ನು ನೋಡಿದ್ದೇನೆ.

ಹುಡುಕುವ ಕೆಲಸಕ್ಕೂ ಅಳೆಯುವ ಕೆಲಸಕ್ಕೂ ಇರುವ ವ್ಯತ್ಯಾಸಕ್ಕೆ ನಮ್ಮೂರಿನದೇ ಉದಾಹರಣೆ ಇದೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಜೊತೆ ಸೇರಿ 2014ರಲ್ಲಿ ಮಾನವ ಪ್ರೋಟೀನ್‌ಗಳ ಕರಡು ನಕ್ಷೆ ಪ್ರಕಟಿಸಿತು. 17,294 ಜೀನ್‌ಗಳ ಪ್ರೋಟೀನ್ ಕಂಡಿದ್ದೇವೆ ಅಂತ ತೋರಿಸಿತು. ಆ ನಕ್ಷೆ ಯಾವುದು ಎಲ್ಲಿದೆ ಅಂತ ಹೇಳುತ್ತದೆ. ನಿಮ್ಮ ರೋಗಿಯ ರಕ್ತದಲ್ಲಿ ಅದು ಇವತ್ತು ಎಷ್ಟಿದೆ ಅನ್ನುವುದಕ್ಕೆ ಬೇರೆ ಕೆಲಸವೇ ಬೇಕು.

ಆಂಟಿಬಾಡಿ ಮತ್ತು ಮಾಸ್ ಸ್ಪೆಕ್ ಒಟ್ಟಿಗೆ

ತೀರಾ ಕಡಿಮೆ ಇರುವ ಪ್ರೋಟೀನಿಗೆ ನಾನು ಇಷ್ಟಪಡುವ ದಾರಿ ಇದು. ಲೀ ಆಂಡರ್ಸನ್ 2004ರಲ್ಲಿ ಪ್ರಕಟಿಸಿದ ಸಿಸ್ಕಾಪಾ ವಿಧಾನದಲ್ಲಿ ಮೊದಲು ಎಲ್ಲವನ್ನೂ ಟ್ರಿಪ್ಸಿನ್‌ನಿಂದ ತುಂಡು ಮಾಡಿ, ಆಮೇಲೆ ಬೇಕಾದ ಪೆಪ್ಟೈಡನ್ನು ಮಾತ್ರ ಆಂಟಿಬಾಡಿಯಿಂದ ಹಿಡಿದು ಎತ್ತುತ್ತಾರೆ. ಕಾಂತದ ಮಣಿಗಳಿಗೆ ಅಂಟಿಸಿದ ಆಂಟಿಬಾಡಿ ಪೆಪ್ಟೈಡನ್ನೂ ಅದರ ಅವಳಿಯನ್ನೂ ಒಂದೇ ರೀತಿ ಹಿಡಿಯುತ್ತದೆ. ಹಾಗಾಗಿ ಎಷ್ಟು ಕೈತಪ್ಪಿದರೂ ಅನುಪಾತ ಕೆಡುವುದಿಲ್ಲ. ಆಂಟಿಬಾಡಿ ಜೊತೆಗೆ ಬೇರೇನಾದರೂ ಎತ್ತಿಕೊಂಡರೂ ಪರವಾಗಿಲ್ಲ, ತೂಕ ನೋಡುವ ಯಂತ್ರ ಮುಂದಿದೆ.

ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನ ಗುಂಪು 2008ರಲ್ಲಿ ಥೈರೋಗ್ಲೋಬುಲಿನ್‌ಗೆ ಇದನ್ನೇ ಮಾಡಿ ತೋರಿಸಿತು. ರೋಗಿಯ ಸ್ವಂತ ಆಂಟಿಬಾಡಿಯ ತೊಡಕು ಅಲ್ಲಿ ತಪ್ಪಿತು. ಇಂದು ಅಮೆರಿಕದ ದೊಡ್ಡ ಲ್ಯಾಬ್‌ಗಳಲ್ಲಿ ಈ ಪರೀಕ್ಷೆ ಸಿಗುತ್ತದೆ. ಆದರೂ ಎರಡು ಮಾತು ಹೇಳಲೇಬೇಕು. ಒಂದು, ಅದರ ಕೆಳಮಿತಿ ಸಾಮಾನ್ಯವಾಗಿ ಮಿಲಿಲೀಟರಿಗೆ 0.5 ನ್ಯಾನೋಗ್ರಾಂ ಆಸುಪಾಸು. ಒಳ್ಳೆಯ ಇಮ್ಯುನೋಅಸ್ಸೇ (ಎಲೈಸಾದ ಹಾಗೆ ಆಂಟಿಬಾಡಿ ಬಳಸುವ ಪರೀಕ್ಷೆ) 0.1ರವರೆಗೆ ಇಳಿಯುತ್ತದೆ. ಆಂಟಿಬಾಡಿ ಇಲ್ಲದ ರೋಗಿಗೆ ಅದೇ ಮೇಲು. ಎರಡು, ಆಂಟಿಬಾಡಿ ಇರುವ ಕೆಲವು ರೋಗಿಗಳಲ್ಲಿ ಕಾಯಿಲೆ ಕಣ್ಣಿಗೆ ಕಾಣುವಂತಿದ್ದರೂ ಮಾಸ್ ಸ್ಪೆಕ್‌ನಲ್ಲಿ ಥೈರೋಗ್ಲೋಬುಲಿನ್ ಸಿಗುವುದಿಲ್ಲ. ಯಂತ್ರದಲ್ಲಿ ಸೊನ್ನೆ ಬಂತು ಅಂತ ರೋಗಿಯ ಸ್ಕ್ಯಾನ್ ಬಿಡುವಂತಿಲ್ಲ.

ಈ ದಾರಿಯ ಕಷ್ಟ ಆಂಟಿಬಾಡಿ ಸಿಗುವುದು. ಪೆಪ್ಟೈಡಿಗೆ ಹೊಸದಾಗಿ ಮಾಡಿಸಬೇಕೆಂದರೆ ತಿಂಗಳುಗಳು ಬೇಕು. ಇಡೀ ಪ್ರೋಟೀನನ್ನೇ ಮೊದಲು ಆಂಟಿಬಾಡಿಯಿಂದ ಎತ್ತಿ, ಆಮೇಲೆ ಮಾಸ್ ಸ್ಪೆಕ್‌ಗೆ ಹಾಕುವ ದಾರಿಯೂ ಇದೆ. ಆಲ್ಝೈಮರ್ಸ್‌ಗಾಗಿ ರಕ್ತದಲ್ಲಿ ಅಮಿಲಾಯ್ಡ್ ಬೀಟಾದ ಎರಡು ರೂಪಗಳ, ಅಂದರೆ 42 ಮತ್ತು 40ರ, ಅನುಪಾತವನ್ನು ಮಾಸ್ ಸ್ಪೆಕ್‌ನಲ್ಲಿ ನೋಡುವುದು ಹೀಗೆಯೇ.

ತುಂಡು ಮಾಡದೆಯೂ ಅಳೆಯಬಹುದು

ಪ್ರೋಟೀನ್ ಚಿಕ್ಕದಾಗಿದ್ದರೆ ಟ್ರಿಪ್ಸಿನ್ ಗೊಡವೆಯೇ ಬೇಡ. ಐಜಿಎಫ್-1 ಎಂಬ ಹಾರ್ಮೋನ್ ಸುಮಾರು 7,600 ಡಾಲ್ಟನ್, ಇನ್ಸುಲಿನ್ ಅದಕ್ಕಿಂತ ಚಿಕ್ಕದು. ಇವನ್ನು ಇಡಿಯಾಗಿಯೇ ಅಳೆಯುವ ಲ್ಯಾಬ್‌ಗಳಿವೆ. ಒಂದು ರಾತ್ರಿಯ ಕೆಲಸ ಉಳಿಯುತ್ತದೆ. ಮ್ಯಾಲ್ಡಿ ಎಂಬ ಇನ್ನೊಂದು ಬಗೆಯ ಮಾಸ್ ಸ್ಪೆಕ್ ಯಂತ್ರವೂ ಇಡಿಯಾದ ಪ್ರೋಟೀನ್‌ಗಳನ್ನೇ ನೋಡುತ್ತದೆ. ಅದು ಆಸ್ಪತ್ರೆಗಳಲ್ಲಿ ಬ್ಯಾಕ್ಟೀರಿಯಾ ಗುರುತಿಸಲು ಬಳಕೆಯಲ್ಲಿದೆ. ಕೆಲವೇ ನಿಮಿಷಗಳಲ್ಲಿ ಯಾವ ಜಾತಿ ಅಂತ ಹೇಳುತ್ತದೆ. ಯಾವುದು ಅನ್ನುವುದಕ್ಕೆ ಅದು ಬಹಳ ಚೆನ್ನ. ಎಷ್ಟು ಅನ್ನುವುದಕ್ಕೆ ಅದೊಂದನ್ನೇ ನೆಚ್ಚಿಕೊಳ್ಳುವುದು ಕಷ್ಟ.

ನಿಜವಾಗಿ ಹೊತ್ತು ಹೋಗುವುದು ಎಲ್ಲಿ

"ಬೇಗ" ಅಂದಾಗ ಎಲ್ಲರ ಕಣ್ಣೂ ಯಂತ್ರದ ಮೇಲೆ. 500 ಸ್ಯಾಂಪಲ್‌ಗೆ ಒಂದೊಂದು ಗಂಟೆಯ ರನ್ ಇಟ್ಟರೆ 21 ದಿನ. ಹತ್ತು ನಿಮಿಷದ್ದಾದರೆ ಮೂರೂವರೆ ದಿನ. ವ್ಯತ್ಯಾಸ ದೊಡ್ಡದೇ. ಯಂತ್ರಕ್ಕೆ ಹೋಗುವ ಮುಂಚೆ ಪೆಪ್ಟೈಡ್‌ಗಳು ಕಾಲಮ್ ಎಂಬ ಕೊಳವೆಯಲ್ಲಿ ಹರಿದು ಬಿಡಿಬಿಡಿಯಾಗುತ್ತವೆ. ಇದಕ್ಕೆ ಸುಲಭದ ದಾರಿ ನ್ಯಾನೋ ಫ್ಲೋ ಬಿಟ್ಟು ಸಾಮಾನ್ಯ ಫ್ಲೋಗೆ, ಅಂದರೆ ನಿಧಾನದ ಹರಿವು ಬಿಟ್ಟು ಜೋರಿನ ಹರಿವಿಗೆ, ಬರುವುದು. ನಿಮಿಷಕ್ಕೆ 300 ನ್ಯಾನೋಲೀಟರ್ ಹರಿಸುವ ಕಾಲಮ್ ಸೂಕ್ಷ್ಮವಾಗಿ ಕಾಣುತ್ತದೆ ನಿಜ, ಆದರೆ ತೊಳೆದು ಮತ್ತೆ ಸಿದ್ಧವಾಗಲು ಹೊತ್ತು ತಗೊಳ್ಳುತ್ತದೆ, ಆಗಾಗ ಕಟ್ಟಿಕೊಳ್ಳುತ್ತದೆ. ನಿಮಿಷಕ್ಕೆ 0.4 ಮಿಲಿಲೀಟರ್ ಹರಿಯುವ ಕಾಲಮ್‌ನಲ್ಲಿ ಸೂಕ್ಷ್ಮತೆ ಕಡಿಮೆ, ಆದರೆ ಅದು ಹಗಲೂ ರಾತ್ರಿ ದುಡಿಯುತ್ತದೆ. ಮೈಕ್ರೋಗ್ರಾಂ ಲೆಕ್ಕದಲ್ಲಿರುವ ಪ್ರೋಟೀನಿಗೆ ನ್ಯಾನೋ ಫ್ಲೋ ಯಾಕೆ? ಎರಡರ ನಡುವಿನದು ಬೇಕು ಅಂದರೆ ಇವೋಸೆಪ್‌ನಂಥ ವ್ಯವಸ್ಥೆಯಲ್ಲಿ ದಿನಕ್ಕೆ 60 ಅಥವಾ 100 ಸ್ಯಾಂಪಲ್ ಅಂತ ಸಿದ್ಧ ವಿಧಾನಗಳೇ ಇವೆ.

ಆದರೆ ಯಂತ್ರಕ್ಕೆ ಹೋಗುವ ಮುಂಚಿನ ಹಾದಿ ಇನ್ನೂ ಉದ್ದ. ಪ್ರೋಟೀನ್ ಬಿಡಿಸಬೇಕು, ಗಂಧಕದ ಕೊಂಡಿ ಮುರಿಯಬೇಕು, ಅದು ಮತ್ತೆ ಕೂಡದಂತೆ ಮುಚ್ಚಬೇಕು, ಟ್ರಿಪ್ಸಿನ್ ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಬೇಕು, ಉಪ್ಪು ತೆಗೆಯಬೇಕು. ಬಿಸಿ ತಡೆಯುವ ಟ್ರಿಪ್ಸಿನ್ ಬಳಸಿದರೆ ರಾತ್ರಿಯ ಬದಲು ಒಂದೆರಡು ಗಂಟೆ ಸಾಕು. ಯೂರಿಯಾ ಹಾಕಿದ್ದರೆ ಮಾತ್ರ ಬಿಸಿ ಮಾಡಬೇಡಿ. ಪೆಪ್ಟೈಡಿಗೆ ಬೇಡದ ತೂಕ ಅಂಟಿಕೊಳ್ಳುತ್ತದೆ. ಗಂಟೆ ಉಳಿಸಲು ಹೋಗಿ ಪ್ರತಿ ಸ್ಯಾಂಪಲ್‌ನಲ್ಲಿ ಬೇರೆ ಬೇರೆ ಮಟ್ಟಕ್ಕೆ ತುಂಡಾದರೆ ಯಾವ ಯಂತ್ರವೂ ಸರಿಮಾಡಲಾರದು. ಹೊಸ ಪ್ರೋಟೀನಾದರೆ ಅರ್ಧ ಗಂಟೆ, ಒಂದು ಗಂಟೆ, ಎರಡು, ನಾಲ್ಕು, ಹದಿನಾರು ಗಂಟೆ ಅಂತ ಇಟ್ಟು ನೋಡಿ. ಪೀಕ್ ಏರುವುದು ಎಲ್ಲಿ ನಿಲ್ಲುತ್ತದೋ ಅದೇ ನಿಮ್ಮ ಹೊತ್ತು.

ಅವಳಿ ಪೆಪ್ಟೈಡನ್ನು ಯಾವಾಗ ಬೆರೆಸುತ್ತೀರಿ ಅನ್ನುವುದೂ ಮುಖ್ಯ. ತುಂಡು ಮಾಡಿದ ಮೇಲೆ ಬೆರೆಸಿದರೆ ಅದು ಯಂತ್ರದ ಏರುಪೇರನ್ನು ಮಾತ್ರ ಸರಿದೂಗಿಸುತ್ತದೆ. ಭಾರದ ಇಡೀ ಪ್ರೋಟೀನೇ ಸಿಕ್ಕರೆ ಶುರುವಿನಲ್ಲೇ ಬೆರೆಸಿ. ಆಗ ತುಂಡಾಗುವಾಗಿನ ಹೆಚ್ಚುಕಡಿಮೆಯೂ ಸರಿಹೋಗುತ್ತದೆ. ಬೆಲೆ ಜಾಸ್ತಿ, ಎಲ್ಲ ಪ್ರೋಟೀನಿಗೂ ಸಿಗುವುದೂ ಇಲ್ಲ.

ನಮ್ಮದೇ ಒಂದು ತಪ್ಪು ಹೇಳುತ್ತೇನೆ. ಒಮ್ಮೆ ಬೆಳಿಗ್ಗೆ ಹಾಕಿದ ಸ್ಟ್ಯಾಂಡರ್ಡ್‌ನ ಪೀಕ್ ಸಂಜೆ ಹೊತ್ತಿಗೆ ಅರ್ಧಕ್ಕೆ ಇಳಿದಿತ್ತು. ಎರಡು ದಿನ ಯಂತ್ರವನ್ನೇ ಅನುಮಾನಿಸಿ ತೊಳೆದೆವು. ತೊಂದರೆ ಇದ್ದದ್ದು ಪ್ಲಾಸ್ಟಿಕ್ ವಯಲ್‌ನಲ್ಲಿ. ಜಿಡ್ಡಿನ ಗುಣದ ಆ ಪೆಪ್ಟೈಡ್ ಗೋಡೆಗೆ ಅಂಟಿಕೊಳ್ಳುತ್ತಿತ್ತು. ಅಂಟದ ಟ್ಯೂಬಿಗೆ ಬದಲಾಯಿಸಿ, ದ್ರಾವಣಕ್ಕೆ ಸ್ವಲ್ಪ ಅಸಿಟೋನೈಟ್ರೈಲ್ ಸೇರಿಸಿದ ಮೇಲೆ ಸರಿಹೋಯಿತು.

ಪೆಪ್ಟೈಡ್ ಆರಿಸುವಾಗಲೇ ಇಂಥದ್ದನ್ನು ಯೋಚಿಸಬೇಕು. ಆ ಪ್ರೋಟೀನಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಬಾರದು. ಉದ್ದ ಏಳರಿಂದ ಇಪ್ಪತ್ತು ಅಮೈನೋ ಆಮ್ಲ ಇದ್ದರೆ ಚೆನ್ನ. ಮೆಥಿಯೋನಿನ್ ಇದ್ದರೆ ಗಾಳಿಗೆ ಬದಲಾಗುತ್ತದೆ, ಸಾಧ್ಯವಾದರೆ ಬಿಡಿ. ಸಕ್ಕರೆ ಅಂಟುವ ಜಾಗ ಬೇಡ. ಪೆಪ್ಟೈಡ್ ಅಟ್ಲಾಸ್ ಮತ್ತು ಎಸ್‌ಆರ್‌ಎಂ ಅಟ್ಲಾಸ್ ಎಂಬ ಆನ್‌ಲೈನ್ ಮಾಹಿತಿ ಭಂಡಾರಗಳಲ್ಲಿ ಬೇರೆಯವರು ಏನು ಕಂಡಿದ್ದಾರೆ ನೋಡಿ. ವಿಧಾನ ಕಟ್ಟಲು, ಪೀಕ್ ನೋಡಲು ಬಳಸುವ ಸ್ಕೈಲೈನ್ ಸಾಫ್ಟ್‌ವೇರ್ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನ ಮ್ಯಾಕಾಸ್ ಲ್ಯಾಬ್‌ನದು. ಅದು ಉಚಿತ, ಬಹುತೇಕ ಎಲ್ಲ ಕಂಪನಿಯ ಯಂತ್ರಗಳಿಗೂ ಹೊಂದುತ್ತದೆ.

ಮತ್ತೆ ಆ 300 ಸ್ಯಾಂಪಲ್

ಅಪೋ ಇ ವಿಷಯದಲ್ಲಿ ಅವಳಿಗೆ ಎಷ್ಟು ಅನ್ನುವುದರ ಜೊತೆಗೆ ಯಾವ ಬಗೆ ಅನ್ನುವುದೂ ಬೇಕಿತ್ತು. ಆಲ್ಝೈಮರ್ಸ್ ಅಪಾಯಕ್ಕೆ ನಂಟಿರುವ ಇ4 ಬಗೆಯಲ್ಲಿ 112ನೇ ಜಾಗದಲ್ಲಿ ಸಿಸ್ಟೀನ್ ಬದಲು ಆರ್ಜಿನಿನ್ ಇರುತ್ತದೆ. ಟ್ರಿಪ್ಸಿನ್ ಆರ್ಜಿನಿನ್ ಕಂಡಲ್ಲಿ ಕತ್ತರಿಸುತ್ತದೆ. ಹಾಗಾಗಿ ಇ2, ಇ3ರಲ್ಲಿ 11 ಅಮೈನೋ ಆಮ್ಲದ ಪೆಪ್ಟೈಡ್ ಬಂದರೆ, ಇ4ರಲ್ಲಿ ಅದೇ ಜಾಗದಿಂದ 9ರದ್ದು ಬರುತ್ತದೆ. ಎರಡರಲ್ಲೂ ಮೆಥಿಯೋನಿನ್ ಇದೆ, ಆದರೆ ಇಲ್ಲಿ ಬೇರೆ ಆಯ್ಕೆ ಇಲ್ಲ. ಬದಲಾದ ರೂಪವನ್ನೂ ಜೊತೆಗೇ ನೋಡುತ್ತಾ ಹೋಗಬೇಕು. ಪ್ರಮಾಣಕ್ಕೆ ಎಲ್ಲ ಬಗೆಗಳಲ್ಲೂ ಒಂದೇ ಆಗಿರುವ ಇನ್ನೊಂದು ಪೆಪ್ಟೈಡ್ ಇಟ್ಟೆವು. ಇಷ್ಟನ್ನೂ ಒಂದೇ ಸಲಕ್ಕೆ ಹೇಳುವುದು ಮಾಸ್ ಸ್ಪೆಕ್‌ನಿಂದ ಸಾಧ್ಯ.

ಮೂರು ಅಪೋಗಳನ್ನು ಸಾಮಾನ್ಯ ಫ್ಲೋ, ಹತ್ತು ನಿಮಿಷದ ಎಂಆರ್‌ಎಂಗೆ ಹಾಕುವುದು ಅಂತಾಯಿತು. 300 ಸ್ಯಾಂಪಲ್‌ಗೆ 50 ಗಂಟೆ. ಪ್ರತಿ ಪ್ಲೇಟಿನಲ್ಲೂ ಮೂರು ಮಟ್ಟದ ಕಂಟ್ರೋಲ್, ಖಾಲಿ ಸ್ಯಾಂಪಲ್, ಕ್ಯಾಲಿಬ್ರೇಷನ್ ಸೇರಿ ಮೂರು ದಿನ. ರೋಗಿ, ಆರೋಗ್ಯವಂತರ ಸ್ಯಾಂಪಲ್‌ಗಳನ್ನು ಬೆರೆಸಿ ಜೋಡಿಸಬೇಕು, ಒಂದು ಗುಂಪೆಲ್ಲ ಒಂದೇ ಪ್ಲೇಟಿಗೆ ಬೀಳಬಾರದು. ಐಎಲ್-6 ಅನ್ನು ಹೆಚ್ಚು ಸೂಕ್ಷ್ಮತೆಯ ಎಲೈಸಾಗೆ ಬಿಟ್ಟೆವು.

ವಿಧಾನ ಕಟ್ಟಿ ಪರೀಕ್ಷಿಸಲು ಒಂದು ತಿಂಗಳು ಕೊಡು ಅಂದೆ. ಅವಳ ಮುಖ ಸ್ವಲ್ಪ ಬಾಡಿತು. ಡಬ್ಬಿ ತೆರೆದು ನೋಡಿದಾಗ ಏಳೆಂಟು ಟ್ಯೂಬಿನ ಪ್ಲಾಸ್ಮಾ ತಿಳಿ ಹಳದಿ ಇರುವ ಬದಲು ಕೆಂಪಗಿತ್ತು. ರಕ್ತ ತೆಗೆಯುವಾಗಲೇ ಕಣಗಳು ಒಡೆದಿದ್ದವು. ಅವನ್ನು ಪಕ್ಕಕ್ಕಿಟ್ಟು ಗುರುತು ಹಾಕಿದೆವು. ಉಳಿದವುಗಳಿಂದ ಹತ್ತು ಟ್ಯೂಬ್ ಆರಿಸಿಕೊಂಡು, ಮಿಕ್ಕಿದ್ದನ್ನು ಮೈನಸ್ 80ರ ಫ್ರೀಜರಿನಲ್ಲಿಟ್ಟು, ಅವತ್ತು ಸಂಜೆಯೇ ಮೊದಲ ಹತ್ತಕ್ಕೆ ಟ್ರಿಪ್ಸಿನ್ ಹಾಕಿದೆವು.